ದಿನದ ಪಾಠವೂ ಮಾಸದ ಪುರಾಣವೂ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಝಳಕಿಯೂ ಅದರ ಸುತ್ತಣ ಇಂಡಿಯ ಸೀಮೆಯೂ ಎರೆಭೂಮಿಯ ಪ್ರದೇಶ. ಇಲ್ಲಿಯ ಬಿಳಿಜೋಳವು ಹಿಂಗಾರಿ ಬೆಳೆ. ಉತ್ತರಾ, ಹಸ್ತಾ ಮಳೆಗಳು ಬಿದ್ದು ನೆಲವು ಹದವಾದ ಮೇಲೆಯೇ ಅದರ ಬಿತ್ತನೆ. ಶ್ರಾವಣಮಾಸವು ಇದಕ್ಕೆ ಮುಂಚೆ ಬರುವದು. ಮುಂಗಾರಿಯ ಬಿತ್ತನೆ ತೀರಿ, ಹಿಂಗಾರಿಯ ಹೊಲಗಳನ್ನು ಹರಗಿ ಬಿಟ್ಟಿರುವ ಆ ಕಾಲದಲ್ಲಿ ಒಕ್ಕಲಿಗನಿಗೆ ರಾತ್ರಿಯ ಹೊತ್ತು ಬಿಡುವು. ಊರೂರ ಮಠಗಳಲ್ಲಿಯೂ ಗುಡಿಗಳಲ್ಲಿಯೂ ಪುರಾಣ ಹಚ್ಚುವ ವಾಡಿಕೆ ಆಗಲೇ. ಹಚ್ಚಿದ ಪುರಾಣವು ಮಾಸಾಂತ್ಯಕ್ಕೆ ಮಂಗಲವಾಗಬೇಕು. ಆ ದಿನ ಮುಂದೆ ಮುಂದೆ ಹೋದರೆ ಕೇಳುವವರು ಕೂರಿಗೆ ಹಿಡಿದು ಹೊಲಕ್ಕೆ ನಡೆಯುವರು. ಗ್ರಂಥವು ಅರ್ಧಕ್ಕೆ ನಿಲ್ಲುವದು. ಆದ್ದರಿಂದ ಇಷ್ಟು ದಿನಕ್ಕೆ ಇಷ್ಟು ಎಂದು ಮೊದಲೇ ಗೊತ್ತುಮಾಡಿ ಓದುವದು ಈ ನಾಡಿನಲ್ಲಿ ಪಂಡಿತರ ಕಟ್ಟಳೆಯಷ್ಟೇ ಅಲ್ಲ, ಮಳೆಬೆಳೆಯ ಲೆಕ್ಕವೂ ಅಹುದು.

ಗ್ರಂಥಗಳ ಅಂಗವಿಭಾಗವೂ ಈ ಲೆಕ್ಕಕ್ಕೆ ಒಗ್ಗುವಂತಿದೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ೨೫ ಗತಿಗಳು, ೧೧೧೧ ಪದ್ಯಗಳು. ದಿನಕ್ಕೊಂದು ಗತಿಯಂತೆ ಓದಿದರೆ ಮಾಸದಲ್ಲಿ ಇನ್ನೂ ನಾಲ್ಕೈದು ದಿನ ಉಳಿಯುವವು. ಮಳೆ ಹಿಡಿದ ರಾತ್ರಿಗೂ ಪಠಣಕಾರನ ನೆಗಡಿಗೂ ಅಷ್ಟು ಸಾಕು. ಭೀಮಕವಿಯು ೧೩೬೯ರಲ್ಲಿ ಮುಗಿಸಿದ ಬಸವಪುರಾಣದಲ್ಲಿ ೬೧ ಸಂಧಿಗಳು. ದಿನಕ್ಕೆ ಎರಡರಂತೆ ೩೦ ದಿನ ಓದಿದರೆ ಮಂಗಲಕ್ಕೆಂದು ಸರಿಯಾಗಿ ಒಂದು ಸಂಧಿ ಉಳಿಯುವದು. ಕವಿಯು ಇದನ್ನು ಎಣಿಸಿ ಕಟ್ಟಿದನೆಂದು ಹೇಳುವದು ಸಾಹಸವಾದೀತು. ಆದರೂ ಬಸವಣ್ಣನವರು ಹುಟ್ಟಿದ ಬಾಗೇವಾಡಿಯುಳ್ಳ ಈ ಜಿಲ್ಲೆಯ ಪಠಣಕಾರನಿಗೆ ಈ ಸಂಖ್ಯೆ ಎಷ್ಟು ಅನುಕೂಲವೆಂಬದನ್ನು ವಾಚಕರು ಊಹಿಸಬಲ್ಲರು. ಲಕ್ಷ್ಮೀಶನ ಜೈಮಿನಿಭಾರತದ ೩೪ ಸಂಧಿಗಳೂ ಒಂದು ಮಾಸಕ್ಕೆ ಹೊಂದುವವು. ಕುಮಾರವ್ಯಾಸನದು ಹಾಗಲ್ಲ, ಹತ್ತು ಪರ್ವಗಳ, ಸುಮಾರು ೧೫೦ ಸಂಧಿಗಳ ಆ ಗ್ರಂಥಕ್ಕೆ ಚಾತುರ್ಮಾಸ್ಯವೆಲ್ಲ ಬೇಕು.

ದಿನದಿಂದ ಗ್ರಂಥವನ್ನು ಅಳೆಯುವ ಈ ಕ್ರಮವು ಕನ್ನಡ ಪುರಾಣಗಳಿಗಿಂತ ಬಹಳ ಹಳೆಯದು. ಋಗ್ವೇದದ ಹತ್ತು ಮಂಡಲಗಳು ಬಹುಮಟ್ಟಿಗೆ ಋಷಿಕುಲಗಳನ್ನು ಅನುಸರಿಸಿದವು. ಆದುದರಿಂದ ಒಂದು ದೊಡ್ಡದು, ಒಂದು ಚಿಕ್ಕದು. ಅಧ್ಯಯನ ಮಾಡುವ ವಟುವಿಗೆ ಇದು ಉಪಯೋಗವಿಲ್ಲ. ಅವನಿಗಾಗಿ ಬೇರೊಂದು ವಿಭಾಗವಾಯಿತು. ಎಂಟು ಅಷ್ಟಕ, ಅಷ್ಟಕಕ್ಕೆ ಎಂಟು ಅಧ್ಯಾಯ, ಒಟ್ಟು ೬೪; ಅಧ್ಯಾಯದೊಳಗೆ ಸುಮಾರು ಐದೈದು ಋಕ್ಕುಗಳ ವರ್ಗಗಳು. ಹತ್ತು ಸಾವಿರಕ್ಕೆ ಮಿಕ್ಕ ಋಕ್ಕುಗಳು ಹೀಗೆ ಹೆಚ್ಚು ಕಡಿಮೆ ಸಮನಾಗಿ ಹಂಚಿಹೋದವು. ಇಲ್ಲಿ ಅರ್ಥದ ತುಂಡಲ್ಲ, ನಾಲಗೆಗೆ ಒಂದು ಸಲಕ್ಕೆ ಹಿಡಿಯುವ ತುತ್ತು ಮುಖ್ಯ. ಪತಂಜಲಿಯ ಮಹಾಭಾಷ್ಯದಲ್ಲಿಯಾದರೋ ಹೆಸರೇ ಎಲ್ಲವನ್ನೂ ಹೇಳುವದು. ಅದರ ೮೫ ಭಾಗಗಳಿಗೆ ಆಹ್ನಿಕಗಳೆಂದು ಹೆಸರು. ಆಹ್ನಿಕವೆಂದರೆ ಒಂದು ಹಗಲಿನ ಕೆಲಸ. ೮೫ ದಿನಗಳಲ್ಲಿ ಮಹಾಭಾಷ್ಯವು ಮುಗಿಯುವದೆಂದು ನಂಬಿ ಕುಳಿತವನು ಮೊದಲಿನ ಪಸ್ಪಶಾಹ್ನಿಕದಲ್ಲಿಯೇ ಮಾಸ ಕಳೆದಾನು, ಆ ಮಾತು ಬೇರೆ. ಪ್ರತಿಪದೆ, ಅಷ್ಟಮಿ, ಚತುರ್ದಶಿ, ಪರ್ವದಿನಗಳು ಅನಧ್ಯಾಯ, ಹೊಸ ಪಾಠವಿಲ್ಲ. ತಿಂಗಳಿನಲ್ಲಿ ಎಂಟು ದಿನ ಹೀಗೆ ಕಳೆದರೆ ಉಳಿದವು ಇಪ್ಪತ್ತೆರಡು. ಪಾಠಶಾಲೆಯ ಗುರುಗಳು ಗ್ರಂಥಸಮಾಪ್ತಿಯನ್ನು ಎಣಿಸುತ್ತಿದ್ದುದು ಈ ಇಪ್ಪತ್ತೆರಡರಿಂದಲೇ ಹೊರತು ಮೂವತ್ತರಿಂದಲ್ಲ. ಆಯಾಸಕ್ಕೆ ಎಡೆ ಬಿಡದ ಗಡುವು ಗಡುವೇ ಅಲ್ಲವೆಂಬದು ಅವರಿಗೆ ತಿಳಿದಿತ್ತು.

ಗಡುವುಗಳಲ್ಲಿ ಅತಿ ಕಠಿಣವಾದುದು ಭಾಗವತಸಪ್ತಾಹದ್ದು. ಪರೀಕ್ಷಿದ್ರಾಜನಿಗೆ ಉಳಿದುದೇ ಏಳು ದಿನ. ಆ ಕಥೆಯ ಬಲದಿಂದಲೇ ೧೨ ಸ್ಕಂಧ, ೩೩೫ ಅಧ್ಯಾಯಗಳನ್ನು ಏಳು ದಿನಗಳಲ್ಲಿ ಮುಗಿಸುವ ಸಂಪ್ರದಾಯವು ಬೆಳೆಯಿತು. ದಿನಕ್ಕೆ ಸುಮಾರು ೪೮ ಅಧ್ಯಾಯ. ಇದು ಪಾರಾಯಣಕ್ಕೆ ತಕ್ಕುದು, ವ್ಯಾಖ್ಯಾನಕ್ಕಲ್ಲ. ಆದಿಲಶಾಹಿಯ ರಾಜಧಾನಿಯಾಗಿದ್ದ ವಿಜಯಪುರದ ಮಸೀದಿಗಳಲ್ಲಿಯೂ ಇಂಥದೇ ಕ್ರಮ ಕಾಣುವದು. ಕುರಾನಿನ ೩೦ ಪಾರಾಗಳು ಒಂದು ತಿಂಗಳಿಗೂ, ಏಳು ಮಂಜಿಲುಗಳು ಒಂದು ವಾರಕ್ಕೂ ಹೊಂದಿಕೆಯಾಗಿವೆ. ರಮಜಾನಿನ ರಾತ್ರಿಗಳಲ್ಲಿ ಇಡಿಯ ಗ್ರಂಥವು ಪಠಿತವಾಗುವದು.

ಎಲ್ಲಿಯವರೆಗೆ ಓದಾಯಿತೆಂಬ ನೆನಪಿಗೂ ಗ್ರಂಥದಲ್ಲಿಯೇ ಏರ್ಪಾಡುಂಟು. ಷಟ್ಪದಿಯ ಕಾವ್ಯಗಳಲ್ಲಿ ಸಂಧಿಯ ಮೊದಲಿಗೆ ಬರುವ ಸೂಚನೆಯ ಪದ್ಯವು ಮುಂದಿನ ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುವದು. ನಿನ್ನೆ ಬಾರದವನೂ ಇಂದು ಎಡವದೆ ಕುಳಿತುಕೊಳ್ಳಬಲ್ಲನು. ಆದರೆ ಲೆಕ್ಕ ತಪ್ಪುವದು ಅರ್ಥ ಹೇಳುವವರ ಉತ್ಸಾಹದಿಂದ. ಮೊದಲ ವಾರದಲ್ಲಿ ಒಂದೇ ಪದ್ಯದ ಮೇಲೆ ಒಂದು ರಾತ್ರಿ ಕಳೆದು, ದೃಷ್ಟಾಂತದ ಮೇಲೆ ದೃಷ್ಟಾಂತ ಹೇಳಿ, ಕಡೆಯ ವಾರದಲ್ಲಿ ಆರೇಳು ಸಂಧಿಗಳನ್ನು ಒಟ್ಟಿಗೆ ಓಡಿಸುವದು ಹಲವು ಕಡೆ ಕಂಡುಬಂದ ದೋಷ. ಮಂಗಲಾರತಿಯು ಹೊತ್ತಿಗೆ ಸರಿಯಾಗಿ ಆದರೂ ಕೇಳುವವರ ಪಾಲಿಗೆ ಪುರಾಣದ ಉತ್ತರಾರ್ಧವು ಇಲ್ಲದಂತೆಯೇ. ಮುಗಿಸದೆ ಬಿಟ್ಟುದಕ್ಕಿಂತ ಇದೇನೂ ಮೇಲಲ್ಲ.

ಮುದ್ರಣ ಬಂದ ಮೇಲೆ ಓದು ಒಬ್ಬೊಬ್ಬರದಾಯಿತು. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಹೊರಡಿಸಿದರು. ಓಲೆಗರಿಯ ಕಟ್ಟುಗಳಲ್ಲಿದ್ದುದು ಮನೆಮನೆಗೆ ಬಂದಿತು. ಮನೆಗೆ ಬಂದ ಪುಸ್ತಕಕ್ಕೆ ಮಂಗಲದ ದಿನವಿಲ್ಲ. ಅರ್ಧಕ್ಕೆ ಮುಚ್ಚಿದರೆ ಕೇಳುವವರೂ ಇಲ್ಲ. ಪಂಪನು ಆದಿಪುರಾಣದ ಹದಿನಾರು ಆಶ್ವಾಸಗಳನ್ನು ಮೂರು ತಿಂಗಳಲ್ಲಿಯೂ ವಿಕ್ರಮಾರ್ಜುನವಿಜಯದ ಹದಿನಾಲ್ಕನ್ನು ಆರು ತಿಂಗಳಲ್ಲಿಯೂ ರಚಿಸಿದುದಾಗಿ ತಾನೇ ಹೇಳಿಕೊಂಡಿದ್ದಾನೆ. ಕವಿಯು ಬರೆದಷ್ಟು ಬೇಗ ಓದಿ ಮುಗಿಸಿದ ಪದವೀಧರರು ಎಷ್ಟು ಮಂದಿಯೋ!

೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ತರುವಾಯ ರಾಜ್ಯದಲ್ಲಿ ಗ್ರಂಥಾಲಯಗಳು ಹರಡಿದಂತೆ, ಎರವಲು ಪುಸ್ತಕದೊಳಗೆ ಅಂಟಿಸಿದ ಚೀಟಿಯ ಮೇಲೆ ಮರಳಿಸುವ ದಿನಾಂಕದ ಮುದ್ರೆ ಬಿದ್ದಿತು. ಗಡುವು ಹೀಗೆ ಇನ್ನೊಂದು ರೂಪದಲ್ಲಿ ಮರಳಿತೆನ್ನಬೇಕು. ಆದರೆ ಆ ಮುದ್ರೆಯಿಂದ ಪುಸ್ತಕವು ಯಾವಾಗ ಹಿಂದಿರುಗಬೇಕೆಂಬದು ತಿಳಿಯುವದೇ ಹೊರತು ಅದರೊಳಗಿನ ಎಷ್ಟನೆಯ ಅಧ್ಯಾಯವು ಈ ಹೊತ್ತಿನ ಪಾಲೆಂಬದು ತಿಳಿಯದು. ಆ ಹಂಚಿಕೆಯನ್ನು ಓದುಗನು ತಾನೇ ಮಾಡಿಕೊಳ್ಳತಕ್ಕದ್ದು. ಭೀಮಾತೀರದ ಊರುಗಳಲ್ಲಿ ಶ್ರಾವಣದ ಪುರಾಣಗಳು ಈಗಲೂ ನಡೆದಿವೆ. ಅವುಗಳ ಕರಪತ್ರಗಳಲ್ಲಿ ಪ್ರಾರಂಭದ ತಿಥಿಯೊಡನೆ ಮಹಾಮಂಗಲದ ತಿಥಿಯನ್ನೂ ಮೊದಲೇ ಅಚ್ಚುಹಾಕಿಸಿರುವರು.