ಎರಡು ಜಲಪಾತ, ಎರಡು ಅರ್ಥ: ಮಾದರಿ ಸಿದ್ಧಾಂತದ ಚರಿತ್ರೆ ಮತ್ತು ಕನ್ನಡದ ನಿಷೇಧವಾಕ್ಯ

ವಾಕ್ಯವೊಂದು ಯಾವ ಸಂರಚನೆಯಲ್ಲಿ ನಿಜವಾಗುತ್ತದೆ ಎಂಬುದು ಮಾದರಿ ಸಿದ್ಧಾಂತದ ಮೂಲಪ್ರಶ್ನೆ. ವಸ್ತುಗಳ ಒಂದು ಕ್ಷೇತ್ರ, ಭಾಷೆಯ ಸಂಕೇತಗಳಿಗೆ ಆ ಕ್ಷೇತ್ರದಲ್ಲಿ ಕೊಟ್ಟ ಅರ್ಥ, ಇವೆರಡೂ ಸೇರಿ ಸಂರಚನೆ. ವಾಕ್ಯವನ್ನು ನಿಜವಾಗಿಸುವ ಸಂರಚನೆಯೇ ಅದರ ಮಾದರಿ. ಕ್ಷೇತ್ರದ ಗಾತ್ರದ ವಿಚಾರ ಈ ಶಾಸ್ತ್ರದಷ್ಟೇ ಹಳೆಯದು. ಪ್ರಥಮ ಶ್ರೇಣಿಯ ತರ್ಕದಲ್ಲಿ ಮಾದರಿಯುಳ್ಳ ವಾಕ್ಯಕ್ಕೆ ಎಣಿಸಬಲ್ಲ ಕ್ಷೇತ್ರದ ಮಾದರಿಯೂ ಇರುತ್ತದೆ ಎಂಬುದು 1915ರಲ್ಲಿ ಲೋವೆನ್‌ಹೈಮ್, 1920ರಲ್ಲಿ ಸ್ಕೋಲೆಮ್ ನೀಡಿದ ಫಲಿತಾಂಶ. 1933ರಲ್ಲಿ ಸತ್ಯದ ವ್ಯಾಖ್ಯೆಯನ್ನು ಪ್ರಕಟಿಸಿದ ಟಾರ್ಸ್ಕಿ 1954ರಲ್ಲಿ ಈ ಶಾಖೆಗೆ ‘ಮಾದರಿಗಳ ಸಿದ್ಧಾಂತ’ ಎಂಬ ಹೆಸರನ್ನು ಬಳಸಿದರು. 1970ರ ಸುಮಾರಿಗೆ ಮಾಂಟೆಗ್ಯು ಅದನ್ನು ಸಹಜ ಭಾಷೆಗೆ ಅನ್ವಯಿಸಿದರು.

ಈ ಚರಿತ್ರೆಯಲ್ಲಿ ಕನ್ನಡಕ್ಕೂ ಒಂದು ಸ್ಥಾನವಿದೆ. 2002ರಲ್ಲಿ ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಇಂಗ್ಲಿಷ್ ಹಾಗೂ ಕನ್ನಡವನ್ನಾಡುವ ನಾಲ್ಕು ವರ್ಷದ ಮಕ್ಕಳನ್ನು ಹೋಲಿಸಿದರು. ಇಂಗ್ಲಿಷಿನಲ್ಲಿ ನಿಷೇಧವು ಕರ್ಮಪದಕ್ಕಿಂತ ಮೊದಲು ಬರುತ್ತದೆ, ಶ್ರೇಣಿಯಲ್ಲೂ ಮೇಲಿರುತ್ತದೆ. ಕನ್ನಡದಲ್ಲಿ ಕರ್ಮಪದ ಮೊದಲು ಬಂದರೂ ಶ್ರೇಣಿಯಲ್ಲಿ ಮೇಲಿರುವುದು ನಿಷೇಧವೇ. ಎರಡೂ ಭಾಷೆಗಳ ಮಕ್ಕಳು ನಿಷೇಧಕ್ಕೆ ಹೆಚ್ಚಿನ ವ್ಯಾಪ್ತಿಯಿರುವ ಅರ್ಥವನ್ನೇ ಹಿಡಿದರು. ಅವರನ್ನು ನಡೆಸುವುದು ಪದಕ್ರಮವಲ್ಲ, ಶ್ರೇಣಿ ಎಂಬ ವಾದಕ್ಕೆ ಕನ್ನಡವೇ ಆಧಾರವಾಯಿತು.

ಆದರೆ ಇಂಥ ಪರೀಕ್ಷೆಯಲ್ಲಿ ಮಗುವಿನ ಮುಂದಿಡುವ ಕಥೆಯೂ ಒಂದು ಸಂರಚನೆ. ‘ಪ್ರವಾಸಿ ಎರಡು ಜಲಪಾತ ನೋಡಲಿಲ್ಲ’ ಎಂಬ ವಾಕ್ಯವನ್ನು ಶಿವನಸಮುದ್ರದಲ್ಲಿಟ್ಟು ನೋಡೋಣ. ‘ಎರಡು’ ಎಂದರೆ ಕನಿಷ್ಠ ಎರಡು ಎಂದಿಟ್ಟುಕೊಂಡರೆ ಅರ್ಥಗಳು ಹೀಗಾಗುತ್ತವೆ: (ಅ) ನೋಡಿದವು ಎರಡಾಗಲಿಲ್ಲ, (ಆ) ನೋಡದೆ ಉಳಿದವು ಎರಡಿವೆ. ಕ್ಷೇತ್ರದಲ್ಲಿ ಗಗನಚುಕ್ಕಿ, ಭರಚುಕ್ಕಿ ಮಾತ್ರ ಇದ್ದು, ಪ್ರವಾಸಿ ಒಂದನ್ನಷ್ಟೇ ನೋಡಿದ್ದರೆ (ಅ) ನಿಜ, (ಆ) ಸುಳ್ಳು. ಕಾವೇರಿಯದೇ ಆದ ಹೊಗೇನಕಲ್ಲನ್ನು ಸೇರಿಸಿದರೆ ಕ್ಷೇತ್ರ ಮೂರಾಗುತ್ತದೆ. ಆಗ ಎಷ್ಟು ನೋಡಿದ್ದರೂ (ಅ), (ಆ) ಒಟ್ಟಿಗೇ ನಿಜ ಇಲ್ಲವೇ ಒಟ್ಟಿಗೇ ಸುಳ್ಳು. ಚುಂಚನಕಟ್ಟೆಯನ್ನೂ ಸೇರಿಸಿ, ಎರಡನ್ನು ಮಾತ್ರ ನೋಡಿದ್ದಾನೆಂದರೆ (ಆ) ನಿಜ, (ಅ) ಸುಳ್ಳು.

ಎರಡರ ಕ್ಷೇತ್ರದಲ್ಲಿ (ಆ) ನಿಜವಾದರೆ (ಅ) ನಿಜ. ನಾಲ್ಕರಲ್ಲಿ ಈ ಸಂಬಂಧ ತಿರುಗುಮುರುಗು. ಹೀಗಾಗಿ ಎರಡೂ ಅರ್ಥಗಳನ್ನು ಒಂದೊಂದಾಗಿ ನಿಜವಾಗಿಸಿ ತೋರಿಸಲು ಒಂದೇ ಗಾತ್ರದ ಕ್ಷೇತ್ರ ಸಾಲದು. ಮಳವಳ್ಳಿಯ ಮಾತುಗಾರರೊಬ್ಬರು ‘ಎರಡರ ಅರ್ಥವೂ ಒಂದೇ’ ಎಂದರೆ, ಅದು ಅವರ ವ್ಯಾಕರಣದ ಸಾಕ್ಷ್ಯವೋ ನಾವು ಮುಂದಿಟ್ಟ ಮೂರು ವಸ್ತುಗಳ ಪರಿಣಾಮವೋ ಎಂಬುದನ್ನು ಮೊದಲು ಇತ್ಯರ್ಥಪಡಿಸಬೇಕು. ವ್ಯಾಪ್ತಿಯ ಕುರಿತ ದತ್ತಾಂಶವನ್ನು ದಾಖಲಿಸುವವರು ವಾಕ್ಯದೊಡನೆ ಕ್ಷೇತ್ರವನ್ನೂ ದಾಖಲಿಸುವುದು ಅಗತ್ಯ.