ಏಳನೆಯ ಹೆಜ್ಜೆ

ಮದುವೆಯ ಮನೆಗೆ ಹೋದ ನಾವು ಧಾರೆಯ ಹೊತ್ತಿಗೆ ಅಕ್ಷತೆ ಹಾಕಿ, ಎಲೆ ಹಾಕುವುದನ್ನೇ ಕಾಯುತ್ತ ಕುಳಿತಿರುತ್ತೇವೆ. ಆ ಬಳಿಕ ನಡೆಯುವ ಸಪ್ತಪದಿಯನ್ನು ಕಿವಿಗೊಟ್ಟು ಕೇಳುವವರು ಕಡಮೆ. ಮುಂದಿನ ಸಲ ಕೇಳಿ ನೋಡಿರಿ. ಅನ್ನ, ಬಲ, ಸಂತಾನ ಎಂದು ಹೆಜ್ಜೆಗೊಂದನ್ನು ಬೇಡುತ್ತ ಬಂದ ವರನು ಏಳನೆಯ ಹೆಜ್ಜೆಯಲ್ಲಿ ವಧುವನ್ನು ಬೇಡುವುದು ಒಂದೇ ಒಂದು: ಸಖ್ಯ. ನನಗೆ ಗೆಳತಿಯಾಗು, ಎಂದು.

ಮಂತ್ರ ಬಹಳ ಹಳೆಯದು. ಆದರೆ ಅದರ ಮಾತು ನಿಜವಾಗುವಂತೆ ಮದುವೆಯಾಗಬೇಕು ಎಂಬ ಆಸೆ ನಮ್ಮ ಸಮಾಜದಲ್ಲಿ ಬಲವಾದದ್ದು ಇತ್ತೀಚಿನ ನೂರೈವತ್ತು ವರ್ಷಗಳಲ್ಲಿ. ಆ ಕಥೆಯನ್ನು ಸ್ವಲ್ಪದರಲ್ಲಿ ಹೇಳುತ್ತೇನೆ.

ಹತ್ತೊಂಬತ್ತನೆಯ ಶತಮಾನದಲ್ಲಿ, ಮೇಲುಜಾತಿಗಳೆನಿಸಿದವರಲ್ಲಿ ವಿಶೇಷವಾಗಿ, ಹುಡುಗಿ ದೊಡ್ಡವಳಾಗುವ ಮೊದಲೇ ಮದುವೆಯಾಗಬೇಕೆಂಬ ಕಟ್ಟು ಇದ್ದಿತು. ಎಲ್ಲ ಜಾತಿಗಳಲ್ಲಿಯೂ ಒಂದೇ ಪ್ರಕಾರವಾಗಿತ್ತೆಂದಲ್ಲ. ಮೈನೆರೆದ ಮೇಲೆ ಮದುವೆ ಮಾಡುವ ವಾಡಿಕೆಯೂ ಹಲವರಲ್ಲಿ ಉಂಟು. ಆದರೆ ಎಳೆಯ ಮದುವೆಯ ತರ್ಕವನ್ನು ಗಮನಿಸಿರಿ. ಅಲ್ಲಿ ಗಂಟು ಬೀಳುತ್ತಿದ್ದುದು ಎರಡು ಮನೆಗಳಿಗೆ. ಹುಡುಗಿಯ ಮೊದಲ ನಂಟು ಗಂಡನೊಂದಿಗಲ್ಲ, ಅತ್ತೆಯೊಂದಿಗೆ. ಹಿರಿಯರ ಎದುರಿಗೆ ಗಂಡಹೆಂಡಿರು ಮಾತಾಡುವುದು ಮರ್ಯಾದೆಯಲ್ಲ. ಹೆಂಡತಿಯ ಬಾಯಿಗೆ ಗಂಡನ ಹೆಸರು ಬರಕೂಡದು. ಉತ್ತರ ಕರ್ನಾಟಕದ ಕಡೆ ಇಂದಿಗೂ ಕೇಳಿಬರುವ ಒಡಪುಗಳನ್ನು ನೆನೆಯಿರಿ. ಬರಿಯ ಹೆಸರನ್ನು ಹೇಳಬಾರದೆಂದು ಅದನ್ನು ಪ್ರಾಸದಲ್ಲಿ ಹುದುಗಿಸಿ, ನಾಚಿಕೊಂಡು, ನಾಲ್ಕು ಜನರನ್ನು ನಗಿಸಿ ಹೇಳುವ ಜಾಣತನ ಅದು.

ಆ ದಾಂಪತ್ಯಗಳಲ್ಲಿ ಪ್ರೀತಿಯೇ ಇರಲಿಲ್ಲವೆಂದು ಹೇಳಿದರೆ ನಮ್ಮ ಮುತ್ತಜ್ಜಿಯರಿಗೆ ಅನ್ಯಾಯ ಮಾಡಿದಂತೆ. ಇದ್ದೀತು, ಬಹಳ ಕಡೆ ಇದ್ದಿತು. ಆದರೆ ಅದು ಬಂದರೆ ಬಂದಿತು, ಬಾರದಿದ್ದರೆ ಇಲ್ಲ. ಬಾರದೆ ಹೋದವಳಿಗೆ ಏನು ದಾರಿ ಎಂಬ ಪ್ರಶ್ನೆಯನ್ನು ಕೇಳುವವರೇ ಇರಲಿಲ್ಲ.

ಆ ಪ್ರಶ್ನೆಯನ್ನು ನ್ಯಾಯಾಲಯದ ಮುಂದೆ ಇಡಿಸಿದವಳು ಮುಂಬಯಿಯ ರುಖ್ಮಾಬಾಯಿ. ಹನ್ನೊಂದನೆಯ ವಯಸ್ಸಿನಲ್ಲಿ ದಾದಾಜಿ ಭಿಕಾಜಿ ಎಂಬವನೊಡನೆ ಆಕೆಯ ಮದುವೆಯಾಯಿತು. ಆಕೆ ತಾಯಿಯ ಮನೆಯಲ್ಲಿಯೇ ಉಳಿದು, ಓದಿ, ಬೆಳೆದಳು; ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. 1884ರಲ್ಲಿ ಗಂಡ ದಾವೆ ಹೂಡಿದ. ಮರುವರ್ಷ ನ್ಯಾಯಮೂರ್ತಿ ಪಿನ್ಹೆ ಆಕೆಯ ಕಡೆಗೆ ತೀರ್ಪಿತ್ತರು. ಮೇಲ್ಮನವಿಯಲ್ಲಿ ಅದು ತಿರುಗಿಬಿತ್ತು. 1887ರಲ್ಲಿ ಆದ ಆಜ್ಞೆ ಹೀಗೆ: ಗಂಡನ ಮನೆಗೆ ಹೋಗು, ಇಲ್ಲವೆ ಆರು ತಿಂಗಳ ಸೆರೆಗೆ ಸಿದ್ಧಳಾಗು. ಆಕೆ ಸೆರೆಯಾದರೂ ಸರಿಯೆಂದಳು! ಬುದ್ಧಿ ಬಾರದ ವಯಸ್ಸಿನಲ್ಲಿ, ತನ್ನ ಒಪ್ಪಿಗೆಯಿಲ್ಲದೆ ನಡೆದ ಮದುವೆ ತನ್ನನ್ನು ಕಟ್ಟಲಾರದೆಂಬುದು ಆಕೆಯ ವಾದ. ದೇಶದ ಪತ್ರಿಕೆಗಳೆಲ್ಲ ಎರಡು ಪಕ್ಷವಾದುವು. ತಿಲಕರಂಥವರೇ ಆಕೆಗೆ ವಿರೋಧವಾಗಿ ಬರೆದರು. ಕೊನೆಗೆ 1888ರಲ್ಲಿ ಗಂಡ ಎರಡು ಸಾವಿರ ರೂಪಾಯಿ ತೆಗೆದುಕೊಂಡು ರಾಜಿಯಾದ. ರುಖ್ಮಾಬಾಯಿ ಲಂಡನ್ನಿನಲ್ಲಿ ವೈದ್ಯ ಕಲಿತು ಹಿಂತಿರುಗಿ, ಬಹುಕಾಲ ಸೂರತ್ತಿನಲ್ಲಿ ಡಾಕ್ಟರಾಗಿದ್ದು, 1955ರಲ್ಲಿ ತೀರಿಕೊಂಡರು.

ಆಗ ಕೆದಕಿದ ಬೆಂಕಿ ಆರಲಿಲ್ಲ. 1891ರಲ್ಲಿ ಬ್ರಿಟಿಷ್ ಸರ್ಕಾರ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತು. ಎರಡು ವರ್ಷ ಏರಿಸುವುದಕ್ಕೆ ಎಷ್ಟು ಕೂಗಾಟ! ನಮ್ಮ ಮೈಸೂರು ಸಂಸ್ಥಾನ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1894ರಲ್ಲಿ ಮದುವೆಯನ್ನೇ ಕುರಿತು ಕಾಯಿದೆ ಮಾಡಿತು. ಎಂಟು ತುಂಬದ ಹುಡುಗಿಗೆ ಮದುವೆ ಮಾಡಕೂಡದು. ಐವತ್ತು ದಾಟಿದ ಗಂಡಸು ಹದಿನಾಲ್ಕರ ಒಳಗಿನ ಹುಡುಗಿಯನ್ನು ವರಿಸಕೂಡದು. ಎಂಟು ಎಂಬ ಅಂಕಿಯನ್ನು ಕೇಳಿ ಇಂದು ನಮಗೆ ಎದೆ ಝಲ್ಲೆನ್ನುತ್ತದೆ. ಆದರೆ ಕಾಯಿದೆ ಬೇಕಾಯಿತು ಎಂಬುದರಿಂದಲೇ ಅದಕ್ಕೂ ಚಿಕ್ಕ ವಯಸ್ಸಿನಲ್ಲಿ ಏನು ನಡೆಯುತ್ತಿತ್ತೆಂದು ಊಹಿಸಬಹುದು. ಐದು ವರ್ಷಗಳ ಬಳಿಕ, 1899ರಲ್ಲಿ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದು, ಬಾಲವಿಧವೆಯೊಬ್ಬಳು ಓದಿ ಮರುಮದುವೆಯಾಗುವ ಕಥೆಯನ್ನು ಕನ್ನಡದ ಮನೆಗಳೊಳಕ್ಕೆ ತಂದಿತು.

ಮುಂದಿನ ದೊಡ್ಡ ಘಟ್ಟ ಅಜ್ಮೀರದ ಹರಬಿಲಾಸ ಶಾರದಾ ಅವರ ಮಸೂದೆ. 1929ರಲ್ಲಿ ಅಂಗೀಕಾರವಾದ ಈ ಕಾಯಿದೆ ಬ್ರಿಟಿಷ್ ಭಾರತದಲ್ಲಿ ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದು ಕಟ್ಟು ಮಾಡಿತು. ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ನಡುವೆ ಸಿಕ್ಕ ಆರು ತಿಂಗಳಲ್ಲಿ ಜನ ಮಾಡಿದ್ದೇನು? ಕಾಯಿದೆ ಬರುವ ಮೊದಲೇ ಆಗಿಹೋಗಲೆಂದು ಸಾವಿರಾರು ಮಕ್ಕಳಿಗೆ ಬೇಗಬೇಗನೆ ತಾಳಿ ಕಟ್ಟಿಸಿದರು. ಕಾಯಿದೆ ಹಿಡಿಯಬಲ್ಲದ್ದು ಕೈಯನ್ನು. ಮನಸ್ಸನ್ನು ತಿರುಗಿಸಲು ಬೇರೆಯೇ ಶಕ್ತಿ ಬೇಕು.

ಆ ಶಕ್ತಿ ಬಂದದ್ದು ಶಾಲೆಯಿಂದ, ಸಂಬಳದ ನೌಕರಿಯಿಂದ. 1881ರಲ್ಲಿ ಮೈಸೂರಿನಲ್ಲಿ ಪ್ರಾರಂಭವಾದ ಮಹಾರಾಣಿಯವರ ಬಾಲಿಕಾ ಪಾಠಶಾಲೆಯಂಥವು ಹುಡುಗಿಯ ಬಾಲ್ಯವನ್ನು ಒಂದೆರಡು ವರ್ಷ ಉದ್ದ ಮಾಡಿದುವು. ವರ್ಗವಾದ ಗುಮಾಸ್ತೆ ಹೆಂಡತಿಯೊಡನೆ ಬೇರೆ ಊರಿನಲ್ಲಿ ಬಿಡಾರ ಹೂಡಿದ. ಹಾಗೆ ಅತ್ತೆಯಿಲ್ಲದ ಅಡಿಗೆಮನೆಯಲ್ಲಿ ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿ ಮಾತಾಡಲೇಬೇಕಾಯಿತು.

ಆದರೆ ಓದು ತಂದದ್ದೆಲ್ಲ ಒಳ್ಳೆಯದೇ ಅಲ್ಲ. ಎಂ. ಎನ್. ಶ್ರೀನಿವಾಸರು 1942ರಲ್ಲಿ ಪ್ರಕಟಿಸಿದ, ಮೈಸೂರಿನ ಮದುವೆ ಮತ್ತು ಕುಟುಂಬಗಳನ್ನು ಕುರಿತ ಪುಸ್ತಕದಲ್ಲಿ, ಹಲವು ಜಾತಿಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿಗೆ ತೆರ ಕೊಡುತ್ತಿದ್ದುದನ್ನು ಬರೆದಿದ್ದಾರೆ. ಓದಿದ, ಸಂಬಳ ತರುವ ವರನಿಗೆ ಬೆಲೆ ಏರಿದಂತೆ ವರದಕ್ಷಿಣೆ ಹಬ್ಬಿತು; ತೆರ ಕೊಡುತ್ತಿದ್ದ ಮನೆಗಳೂ ಕಾಲಕ್ರಮದಲ್ಲಿ ದಕ್ಷಿಣೆ ಕೇಳಲು ಕಲಿತುವು. 1961ರ ನಿಷೇಧ ಕಾಯಿದೆ ಅದನ್ನು ಇನ್ನೂ ಬೇರುಸಹಿತ ಕಿತ್ತಿಲ್ಲವೆಂದು ತಮಗೆ ನಾನು ಹೇಳಬೇಕಾದ್ದಿಲ್ಲ.

ಸ್ವಾತಂತ್ರ್ಯದ ನಂತರ ಕಾನೂನು ಬೇಗ ನಡೆಯಿತು. 1954ರ ವಿಶೇಷ ವಿವಾಹ ಕಾಯಿದೆ ಜಾತಿಮತಗಳ ಹಂಗಿಲ್ಲದ ಮದುವೆಗೆ ದಾರಿ ಮಾಡಿತು. 1955ರ ಹಿಂದೂ ವಿವಾಹ ಕಾಯಿದೆ ಏಕಪತ್ನೀತ್ವವನ್ನು ವಿಧಿಸಿ, ವಿಚ್ಛೇದನಕ್ಕೂ ಅವಕಾಶವಿತ್ತಿತು. 1976ರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸೇರಿತು. 1978ರಲ್ಲಿ ವಯಸ್ಸು ಹದಿನೆಂಟು ಮತ್ತು ಇಪ್ಪತ್ತೊಂದಕ್ಕೆ ಏರಿತು.

ಇಷ್ಟಾದ ಮೇಲೆ, ಹಿರಿಯರು ಗೊತ್ತುಮಾಡಿದ ಮದುವೆ ಒಳ್ಳೆಯದೋ ತಾವೇ ಮೆಚ್ಚಿಕೊಂಡದ್ದೋ ಎಂಬ ಜಗಳ ಮನೆಮನೆಯಲ್ಲಿಯೂ ಉಂಟು. ಮನಶ್ಶಾಸ್ತ್ರಜ್ಞರೂ ಇದನ್ನು ಅಳೆದು ನೋಡಿದ್ದಾರೆ. ಉಷಾ ಗುಪ್ತ ಮತ್ತು ಪುಷ್ಪಾ ಸಿಂಗ್ ಎಂಬವರು 1982ರಲ್ಲಿ ಪ್ರಕಟಿಸಿದ, ಜಯಪುರದ ಐವತ್ತು ದಂಪತಿಗಳ ಅಧ್ಯಯನದಲ್ಲಿ, ಮೆಚ್ಚಿ ಮದುವೆಯಾದವರ ಪ್ರೀತಿ ಮೊದಲು ಹೆಚ್ಚಾಗಿದ್ದು ವರ್ಷಗಳು ಕಳೆದಂತೆ ಇಳಿದಿತ್ತು. ಗೊತ್ತುಮಾಡಿದ ಮದುವೆಯವರದು ಮೆಲ್ಲನೆ ಏರಿತ್ತು. ಹಿರಿಯರು ಇದನ್ನು ಕೇಳಿ ಹಿಗ್ಗಬಹುದು. ಆದರೆ ಐವತ್ತು ಮನೆಗಳಿಂದ ದೇಶದ ಮನಸ್ಸನ್ನು ಅಳೆಯಲಾಗದು. ಅಮೆರಿಕದಲ್ಲಿ ನೆಲೆಸಿದ ಭಾರತೀಯರನ್ನು ಕುರಿತು 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎರಡು ಬಗೆಯವರ ಪ್ರೀತಿ, ತೃಪ್ತಿಗಳಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಹುಡುಕಿದವರು ಯಾರೆಂಬುದಕ್ಕಿಂತ, ಒಪ್ಪಿದವರು ಯಾರು, ಯಾವ ವಯಸ್ಸಿನಲ್ಲಿ, ಇಲ್ಲವೆನ್ನುವ ಸ್ವಾತಂತ್ರ್ಯ ಅವರಿಗಿತ್ತೇ, ಎಂಬುದೇ ದೊಡ್ಡದೆಂದು ನನಗೆ ತೋರುತ್ತದೆ.

ಆ ದೃಷ್ಟಿಯಿಂದ ನೋಡಿದರೆ ದಾರಿ ಇನ್ನೂ ಸವೆದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 20ರಿಂದ 24 ವರ್ಷದ ಹೆಂಗಸರಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ದೇಶದಲ್ಲಿ ನೂರಕ್ಕೆ ಸುಮಾರು 23, ಕರ್ನಾಟಕದಲ್ಲಿ ಸುಮಾರು 21. ನಮ್ಮ ರಾಜ್ಯ 2016ರಲ್ಲಿ ಕಾಯಿದೆ ತಿದ್ದಿ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರಿದ ಮೇಲೂ ಇದು ಸ್ಥಿತಿ.

ಆದುದರಿಂದ, ಮನೆಯಲ್ಲಿ ಮದುವೆಯ ವಯಸ್ಸಿನ ಮಕ್ಕಳಿರುವವರಲ್ಲಿ ನನ್ನದೊಂದು ವಿಜ್ಞಾಪನೆ. ಜಾತಕ ನೋಡಿರಿ, ಮನೆತನ ವಿಚಾರಿಸಿರಿ, ಬೇಡವೆನ್ನುವುದಿಲ್ಲ. ಆದರೆ ಲಗ್ನಪತ್ರಿಕೆ ಬರೆಸುವ ಮೊದಲು, ನೆಂಟರಿಷ್ಟರು ಯಾರೂ ಇಲ್ಲದ ಹೊತ್ತಿನಲ್ಲಿ, ಮಗಳನ್ನು ಹತ್ತಿರ ಕೂರಿಸಿಕೊಂಡು ಒಮ್ಮೆ ಕೇಳಿರಿ: ‘ನಿನಗೆ ಒಪ್ಪಿಗೆಯೇನಮ್ಮ?’ ಆಕೆ ಇಲ್ಲವೆಂದರೆ ಸಿಡುಕದೆ ಕೇಳಿಸಿಕೊಳ್ಳಿರಿ. ಮಗನನ್ನೂ ಹೀಗೆಯೇ ಕೇಳಿರಿ. ರುಖ್ಮಾಬಾಯಿ ನ್ಯಾಯಾಲಯದಲ್ಲಿ ನಿಂತು ಪಡೆಯಬೇಕಾದ ಮಾತನ್ನು ನಿಮ್ಮ ಮಕ್ಕಳು ನಡುಮನೆಯ ಚಾಪೆಯ ಮೇಲೆಯೇ ಪಡೆಯಲಿ.