ಕೊಲೆ ಕೇಸ್: ಸಾವನ್ನು ಕಾನೂನು ಹೇಗೆ ವಿಂಗಡಿಸುತ್ತದೆ? ಆರೋಪಿಗೆ ಯಾವ ರಕ್ಷಣೆ ಇದೆ?

ಹೊಡೆದಾಟದಲ್ಲಿ ಯಾರಾದರೂ ಮೃತಪಟ್ಟ ಸುದ್ದಿ ಬಂದ ಕೂಡಲೇ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಓಡಾಡುವ ಮಾತು '302 ಬಿತ್ತು' ಅಂತ. ಆದರೆ ಆ 302 ಈಗ ಕೊಲೆಯ ಕಲಂ ಅಲ್ಲ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಬಂದಿದೆ. ಅದರಲ್ಲಿ ಕೊಲೆಗೆ ಶಿಕ್ಷೆ ಹೇಳುವುದು ಕಲಂ 103. ಹೊಸ 302 ಇರುವುದು ಧಾರ್ಮಿಕ ಭಾವನೆಗೆ ನೋವುಂಟು ಮಾಡುವ ಮಾತುಗಳಿಗೆ. ಆ ದಿನಾಂಕಕ್ಕಿಂತ ಮೊದಲು ನಡೆದ ಘಟನೆಗಳಿಗೆ ಮಾತ್ರ ಹಳೆಯ ಕಲಂಗಳೇ ಅನ್ವಯ. ಇದು ಕೇಂದ್ರದ ಕಾನೂನು; ತಲಪಾಡಿಯ ಆಚೆಗೂ ಈಚೆಗೂ ಒಂದೇ.

ಒಬ್ಬನಿಂದ ಇನ್ನೊಬ್ಬನ ಜೀವ ಹೋದರೆ ಅದೆಲ್ಲವೂ ಕೊಲೆಯಲ್ಲ. ಕಾನೂನು ಮೊದಲು ಕೇಳುವುದು, ಆ ಕ್ಷಣದಲ್ಲಿ ಆರೋಪಿಯ ಮನಸ್ಸಿನಲ್ಲಿ ಏನಿತ್ತು ಎಂದು. ಸಾಯಿಸುವ ಉದ್ದೇಶವೂ ಇಲ್ಲ, ಸಾಯಬಹುದೆಂಬ ಅರಿವೂ ಇಲ್ಲ, ಬರೀ ನಿರ್ಲಕ್ಷ್ಯ ಎಂದಾದರೆ ಕಲಂ 106(1); ಗರಿಷ್ಠ 5 ವರ್ಷ ಜೈಲು. ಹೆಚ್ಚಿನ ರಸ್ತೆ ಅಪಘಾತದ ಸಾವುಗಳು ಇಲ್ಲಿ ಬರುತ್ತವೆ. ಆದರೆ ಕುಡಿದು ಗಾಡಿ ಓಡಿಸಿ ಜನರ ಮೇಲೆ ಹರಿಸಿದ್ದನ್ನು ಬರೀ ನಿರ್ಲಕ್ಷ್ಯ ಎನ್ನಲು ಸುಪ್ರೀಂ ಕೋರ್ಟ್ 2012ರ ಅಲಿಸ್ಟರ್ ಪೆರೇರಾ ಪ್ರಕರಣದಲ್ಲಿ ಒಪ್ಪಲಿಲ್ಲ. ಸಾವು ಆಗಬಹುದೆಂಬ ಅರಿವು ಚಾಲಕನಿಗೆ ಇತ್ತು ಎಂದಿತು.

ಅರಿವು ಅಥವಾ ಉದ್ದೇಶ ಇದ್ದರೆ ಅದು ದಂಡನೀಯ ನರಹತ್ಯೆ (ಕಲಂ 100). ಅದರಲ್ಲೇ ಹೆಚ್ಚು ಗಂಭೀರವಾದದ್ದು ಕೊಲೆ (ಕಲಂ 101). ಎಲ್ಲ ಕೊಲೆಯೂ ನರಹತ್ಯೆ, ಆದರೆ ಎಲ್ಲ ನರಹತ್ಯೆ ಕೊಲೆಯಲ್ಲ. ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ. ಕೊಲೆಯಲ್ಲದ ನರಹತ್ಯೆಗೆ (ಕಲಂ 105) ಬರೀ ಅರಿವು ಇದ್ದದ್ದಾದರೆ 10 ವರ್ಷದವರೆಗೆ. ಉದ್ದೇಶ ಇದ್ದರೆ 5ರಿಂದ 10 ವರ್ಷ ಅಥವಾ ಜೀವಾವಧಿ. ಒಬ್ಬ ಯುವಕನ ಪಾಲಿಗೆ ಇಡೀ ಬದುಕಿನ ವ್ಯತ್ಯಾಸ ಅದು. ಸೆಷನ್ಸ್ ಕೋರ್ಟ್‌ಗಳಲ್ಲಿ ವಕೀಲರ ಹೋರಾಟ ಹೆಚ್ಚಾಗಿ ನಡೆಯುವುದು ಈ ಗೆರೆಯ ಮೇಲೆಯೇ.

ಗೆರೆ ಎಲ್ಲಿದೆ ಎಂಬುದಕ್ಕೆ ಎರಡು ಹಳೆಯ ತೀರ್ಪುಗಳನ್ನು ಇಂದಿಗೂ ಉಲ್ಲೇಖಿಸುತ್ತಾರೆ. 1876ರಲ್ಲಿ ಬಾಂಬೆ ಹೈಕೋರ್ಟ್ ಮುಂದೆ ಬಂದ ಗೋವಿಂದ ಪ್ರಕರಣದಲ್ಲಿ ಯುವಕನೊಬ್ಬ ಹೆಂಡತಿಯನ್ನು ಕೆಡವಿ, ಎದೆ ಮೇಲೆ ಮೊಣಕಾಲಿಟ್ಟು ಮುಖಕ್ಕೆ ಮುಷ್ಟಿಯಿಂದ ಗುದ್ದಿದ್ದ. ಮಿದುಳಲ್ಲಿ ರಕ್ತಸ್ರಾವವಾಗಿ ಆಕೆ ತೀರಿಕೊಂಡಳು. ಸಾಯಿಸುವ ಉದ್ದೇಶ ಇರಲಿಲ್ಲ, ಆ ಏಟು ಸಾಮಾನ್ಯವಾಗಿ ಜೀವ ತೆಗೆಯುವಂಥದ್ದೂ ಅಲ್ಲ ಎಂದು ಕೋರ್ಟ್ ಅದನ್ನು ಕೊಲೆ ಎನ್ನಲಿಲ್ಲ. 1958ರ ವಿರ್ಸಾ ಸಿಂಗ್ ಪ್ರಕರಣದಲ್ಲಿ ಹೊಟ್ಟೆಗೆ ಭರ್ಜಿಯಿಂದ ತಿವಿದದ್ದು ಒಂದೇ ಸಲ. ಆದರೂ ಸುಪ್ರೀಂ ಕೋರ್ಟ್ ಕೊಲೆ ಎಂದೇ ತೀರ್ಮಾನಿಸಿತು. ಆ ಗಾಯವನ್ನೇ ಮಾಡಬೇಕೆಂದು ತಿವಿದಿದ್ದಾನೆ, ಆ ಗಾಯ ಸಹಜವಾಗಿ ಜೀವ ತೆಗೆಯುವಷ್ಟು ದೊಡ್ಡದು, ಅಷ್ಟೇ ಸಾಕು. 'ಒಂದೇ ಏಟು ಹೊಡೆದದ್ದು, ಸಾಯ್ತಾನೆ ಅಂತ ಗೊತ್ತಿರಲಿಲ್ಲ' ಎಂಬ ವಾದ ಚೂರಿ ಹಿಡಿದವನಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಕೊಲೆಯನ್ನು ನರಹತ್ಯೆಗೆ ಇಳಿಸುವ ಐದು ವಿನಾಯಿತಿಗಳು ಕಲಂ 101ರಲ್ಲೇ ಇವೆ. ಹೆಚ್ಚು ಬಳಕೆಯಾಗುವುದು ಎರಡು. ಒಂದು, ಮೊದಲೇ ಯೋಜಿಸದೆ ಹಠಾತ್ತಾಗಿ ಹುಟ್ಟಿದ ಜಗಳ. ಆದರೆ ಆರೋಪಿ ಕ್ರೂರವಾಗಿ ವರ್ತಿಸಿರಬಾರದು, ಅನುಚಿತ ಲಾಭ ಪಡೆದಿರಬಾರದು. ಇನ್ನೊಂದು, ತೀವ್ರ ಮತ್ತು ಹಠಾತ್ ಪ್ರಚೋದನೆ. ಇಲ್ಲಿ 'ಹಠಾತ್' ಎಂಬ ಪದಕ್ಕೆ ತೂಕ ಜಾಸ್ತಿ. 1959ರಲ್ಲಿ ಮುಂಬೈಯಲ್ಲಿ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆ ಅಧಿಕಾರಿ ನಾನಾವತಿ, ವಿಷಯ ತಿಳಿದ ಮೇಲೆ ಮನೆಯವರನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ತಂದಿದ್ದರು. ಮಧ್ಯೆ ಸುಮಾರು 3 ಗಂಟೆ ಕಳೆದಿತ್ತು. ಸಿಟ್ಟು ಇಳಿಯಲು ಅಷ್ಟು ಸಮಯ ಸಾಕು ಎಂದು ಸುಪ್ರೀಂ ಕೋರ್ಟ್ ಜೀವಾವಧಿಯನ್ನು ಎತ್ತಿಹಿಡಿಯಿತು. ಮನೆಗೆ ಹೋಗಿ ಕತ್ತಿ ತಂದವನ ಕಥೆಯೂ ಅದೇ.

ಆತ್ಮರಕ್ಷಣೆ ಬೇರೆಯೇ ವಿಷಯ. ಅದು ಸಾಬೀತಾದರೆ ಶಿಕ್ಷೆ ಕಡಿಮೆಯಾಗುವುದಲ್ಲ, ಅಪರಾಧವೇ ಇಲ್ಲ (ಕಲಂ 34ರಿಂದ 44). ಜೀವಕ್ಕೆ ಅಥವಾ ದೊಡ್ಡ ಗಾಯದ ಅಪಾಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿ ಇಂಥ ಸಂದರ್ಭಗಳಲ್ಲಿ ದಾಳಿಕೋರನ ಜೀವ ಹೋಗುವವರೆಗೂ ಈ ಹಕ್ಕು ಇದೆ. ಪೊಲೀಸರ ನೆರವು ಪಡೆಯಲು ಸಮಯ ಇದ್ದರೆ ಹಕ್ಕು ಇಲ್ಲ. ಅಪಾಯ ಮುಗಿದರೆ ಹಕ್ಕೂ ಮುಗಿಯಿತು. ಓಡಿಹೋಗುತ್ತಿರುವವನನ್ನು ಬೆನ್ನಟ್ಟಿ ಹೊಡೆಯುವುದು, ಸಿಕ್ಕಿಬಿದ್ದ ಕಳ್ಳನನ್ನು ಕಂಬಕ್ಕೆ ಕಟ್ಟಿ ಬಡಿಯುವುದು ಆತ್ಮರಕ್ಷಣೆ ಅಲ್ಲ.

ಊರಿನ ಹುಡುಗರು ಅತಿ ಹೆಚ್ಚು ಸಿಕ್ಕಿಬೀಳುವುದು 'ನಾನು ಹೊಡೆದಿಲ್ಲ, ಜೊತೆಗೆ ಹೋದದ್ದು ಮಾತ್ರ' ಎಂಬಲ್ಲಿ. ಐದು ಅಥವಾ ಹೆಚ್ಚು ಜನ ಒಂದೇ ಅಕ್ರಮ ಗುರಿಯಿಂದ ಸೇರಿದ್ದರೆ, ಆ ಗುರಿಗಾಗಿ ಒಬ್ಬ ಮಾಡಿದ ಅಪರಾಧಕ್ಕೆ ಎಲ್ಲರೂ ಹೊಣೆ (ಕಲಂ 190). ಇಬ್ಬರೇ ಇದ್ದರೂ ಸಮಾನ ಉದ್ದೇಶ ಇದ್ದರೆ ಕಲಂ 3(5) ಹಿಡಿಯುತ್ತದೆ. ಬೈಕ್ ಓಡಿಸಿದವ, ಗೇಟ್ ಹತ್ತಿರ ಕಾವಲು ನಿಂತವ, ಮೊಬೈಲಲ್ಲಿ 'ಈಗ ಹೊರಟ' ಎಂದು ಹೇಳಿದವ ಎಲ್ಲರೂ ಜೀವಾವಧಿಗೆ ಹೋಗಬಹುದು. ಗಲಾಟೆ ಕೇಳಿ ಓಡಿಬಂದು ಸುಮ್ಮನೆ ನಿಂತು ನೋಡಿದವ ಈ ಕೂಟದ ಸದಸ್ಯನಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. ಆದರೆ ಸಿಸಿಟಿವಿಯಲ್ಲಿ ಮುಖ ಕಂಡ ಮೇಲೆ ಅದನ್ನು ಹೇಳಿ ನಂಬಿಸುವಷ್ಟರಲ್ಲಿ ವರ್ಷಗಳು ಜೈಲಲ್ಲಿ ಕಳೆದಿರುತ್ತವೆ.

ಗುಂಪು ಹತ್ಯೆಗೆ ಹೊಸ ಕಾನೂನಿನಲ್ಲಿ ಪ್ರತ್ಯೇಕ ಉಪಕಲಂ ಇದೆ, 103(2). ಜನಾಂಗ, ಜಾತಿ, ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಅಥವಾ ಅಂಥ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಕೊಂದರೆ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ. ಧರ್ಮ ಎಂಬ ಪದ ಪಟ್ಟಿಯಲ್ಲಿ ಇಲ್ಲ, 'ಸಮುದಾಯ' ಮತ್ತು 'ನಂಬಿಕೆ' ಇವೆ. ಸಂತ್ರಸ್ತ ಕುಟುಂಬ ಎಫ್‌ಐಆರ್ ಪ್ರತಿ ಸಿಕ್ಕಿದ ಕೂಡಲೇ ಈ ಉಪಕಲಂ ಹಾಕಿದ್ದಾರಾ ನೋಡಬೇಕು. ದೂರು ಕೊಟ್ಟವರಿಗೆ ಪ್ರತಿಯನ್ನು ಉಚಿತವಾಗಿ ಕೊಡುವುದು ಪೊಲೀಸರ ಕರ್ತವ್ಯ.

ಗಲ್ಫ್ ನಂಟಿರುವ ಮನೆಗಳಲ್ಲಿ ಇನ್ನೊಂದು ತಪ್ಪು ಕಲ್ಪನೆ ಇದೆ. ಸೌದಿಯಲ್ಲಿ ಮೃತನ ಕುಟುಂಬ ದಿಯಾ, ಅಂದರೆ ಪರಿಹಾರ ಧನ ಪಡೆದು ಕ್ಷಮಿಸಿದರೆ ಮರಣದಂಡನೆ ತಪ್ಪುತ್ತದೆ. ಅಲ್ಲಿ ಜೈಲಿನಲ್ಲಿದ್ದ ಕೋಯಿಕ್ಕೋಡಿನ ಒಬ್ಬರಿಗಾಗಿ 2024ರಲ್ಲಿ ಕೇರಳದವರು 34 ಕೋಟಿ ರೂ. ಒಟ್ಟು ಮಾಡಿದ್ದು ಇದಕ್ಕೇ. ಭಾರತದಲ್ಲಿ ಕೊಲೆ ರಾಜಿಯಾಗುವ ಅಪರಾಧ ಅಲ್ಲ. ಜಮಾಅತ್‌ನಲ್ಲಿ ಕೂತು ಎರಡೂ ಮನೆಯವರು ಕೈಕುಲುಕಿದರೂ ಕೇಸ್ ಮುಂದುವರಿಯುತ್ತದೆ, ಏಕೆಂದರೆ ಇಲ್ಲಿ ವಾದಿ ಸರಕಾರ. ರಾಜಿ ಹೆಸರಲ್ಲಿ ಸಾಕ್ಷಿಗಳ ಬಾಯಿ ಮುಚ್ಚಿಸಲು ಹೋದರೆ ಅದೇ ಇನ್ನೊಂದು ಅಪರಾಧ.

ಬಂಧನವಾದಾಗ ಕುಟುಂಬ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಬಂಧನಕ್ಕೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. ಆದರೆ ಆತ ಹೇಳಿದ ಜಾಗದಲ್ಲಿ ಆಯುಧ ಸಿಕ್ಕಿದರೆ ಮಾತಿನ ಆ ಭಾಗ ಸಾಕ್ಷ್ಯವಾಗುತ್ತದೆ. 90 ದಿನದೊಳಗೆ ಚಾರ್ಜ್‌ಶೀಟ್ ಬಾರದಿದ್ದರೆ ಜಾಮೀನು ಆರೋಪಿಯ ಹಕ್ಕು. ಚಾರ್ಜ್‌ಶೀಟ್ ಬೀಳುವ ಮುನ್ನವೇ ಅರ್ಜಿ ಹಾಕಬೇಕು. ಘಟನೆ ವೇಳೆ ಆರೋಪಿ ಬೇರೆ ಕಡೆ ಇದ್ದಿದ್ದರೆ ಅಂಗಡಿ, ಟೋಲ್‌ಗೇಟ್‌ನ ಸಿಸಿಟಿವಿ ದೃಶ್ಯ ಉಳಿಸಿಡಲು ಕೂಡಲೇ ಲಿಖಿತವಾಗಿ ಕೇಳಬೇಕು. ಕೆಲವು ದಿನಗಳಲ್ಲೇ ಅದು ಅಳಿಸಿಹೋಗುತ್ತದೆ.

ಹುಡುಗನಿಗೆ 18 ತುಂಬಿರದಿದ್ದರೆ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗಬೇಕು. 16 ದಾಟಿದವನನ್ನು ವಯಸ್ಕನಂತೆ ವಿಚಾರಣೆ ನಡೆಸಲು ಅವಕಾಶ ಇದೆ, ಆದರೆ ಮರಣದಂಡನೆ ಇಲ್ಲ. ವಯಸ್ಸಿಗೆ ಮೊದಲ ದಾಖಲೆ ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ಅಲ್ಲ.

ಕಾಸರಗೋಡಿನ ಕನ್ನಡಿಗರಿಗೆ ಒಂದು ಮಾತು: ಸಾಕ್ಷಿ ಹೇಳುವ ಭಾಷೆ ಆರೋಪಿಗೆ ಅರ್ಥವಾಗದಿದ್ದರೆ ಅದನ್ನು ಆತನ ಭಾಷೆಗೆ ಕೋರ್ಟಿನಲ್ಲೇ ಅನುವಾದಿಸಿ ಹೇಳಬೇಕು ಎಂಬುದು ಕಾನೂನು. ಕೇಳಲು ಹಿಂಜರಿಯಬೇಕಾಗಿಲ್ಲ. ವಕೀಲರಿಗೆ ದುಡ್ಡಿಲ್ಲದಿದ್ದರೆ, ಬಂಧನದಲ್ಲಿರುವ ಯಾರಿಗೇ ಆದರೂ ಆದಾಯ ನೋಡದೆ ಉಚಿತ ವಕೀಲರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಡುತ್ತದೆ. ಸಹಾಯವಾಣಿ 15100.